ಗುಡಿಸುವ ಯಂತ್ರದ ಬೀಗದ ಕೈ ಯಾರ ಸೆರಗಿನಲ್ಲಿ?

ಮನೆ ಗುಡಿಸುವ ವಿಚಾರವಾಗಿ ಈ ಪುಟದಲ್ಲಿ ಬರೆಯುವ ಸಂದರ್ಭ ಒದಗೀತೆಂದು ನಾವು ಎಣಿಸಿರಲಿಲ್ಲ. ಪೇಟೆಯ ರಸ್ತೆ, ಕನ್ನಡ ಶಾಲೆಗಳ ಅಧ್ಯಾಪಕರ ನೇಮಕ, ಅಡಿಕೆಯ ಧಾರಣೆ ಇತ್ಯಾದಿಗಳ ನಡುವೆ ಹಿಡಿಸೂಡಿಗೆಲ್ಲಿಯ ಸ್ಥಾನವೆಂದು ಓದುಗ ಬಂಧುಗಳು ಕೇಳಿದರೆ ಅದು ಸಹಜವೇ. ಆದರೆ ಕಳೆದ ಯುಗಾದಿಯ ಸಮಯದಲ್ಲಿ ಅಮರಾಪುರದ ಪರಿಚಿತರೊಬ್ಬರ ಮನೆಯಲ್ಲಿ ಕಣ್ಣಾರೆ ಕಂಡ ಒಂದು ಸಣ್ಣ ಪ್ರಕರಣವು ಊರಿಗೆ ಮರಳಿದ ಮೇಲೂ ನಮ್ಮನ್ನು ಬಿಡಲಿಲ್ಲ. ಅಂಥದೇ ಯಂತ್ರಗಳು ಈಗ ಕೊಲ್ಲಿ ನಾಡುಗಳಿಂದಲೂ ಬೆಂಗಳೂರು, ಮಂಗಳೂರುಗಳಿಂದಲೂ ಕಾಸರಗೋಡಿನ ಮನೆಗಳಿಗೆ ಬಂದು ಇಳಿಯುತ್ತಿರುವುದರಿಂದ ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಅಮರಾಪುರ ಎಲ್ಲಿದೆಯೆಂದು ನಮ್ಮ ಕಿರಿಯ ಓದುಗರಿಗೆ ಹೇಳಬೇಕಾದೀತು. ಮಡಕಶಿರಾ ಸೀಮೆಯ ಊರು. ಭೂಪಟ ಬಿಡಿಸಿ ನೋಡಿದರೆ ಶಿರಾ, ಪಾವಗಡ, ಮಧುಗಿರಿ ತಾಲೂಕುಗಳ ನಡುವೆ ಆಂಧ್ರಪ್ರದೇಶವು ಕರ್ನಾಟಕದೊಳಕ್ಕೆ ಚಾಚಿದ ಬೆರಳಿನಂತೆ ಕಾಣುತ್ತದೆ. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಗೆ ಸೇರಿದ್ದುದು ಈಗ ಶ್ರೀ ಸತ್ಯಸಾಯಿ ಜಿಲ್ಲೆಯಾಗಿದೆ. ರಾಯದುರ್ಗ ಮಾತ್ರ ಅನಂತಪುರದಲ್ಲೇ ಉಳಿದಿದೆ. ರಾಯದುರ್ಗವು 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಹೋಯಿತು. ನಾವು 1956ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಬಂದೆವು. ಅಲ್ಲಿಯ ಕನ್ನಡಿಗರೂ ನಮ್ಮಂತೆಯೇ ಮನೆಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ ಇಟ್ಟುಕೊಂಡು ಬದುಕುವವರು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಅಮರಾಪುರ ಮಂಡಲದಲ್ಲೇ ಇದೆ. ಅಲ್ಲಿಯ ದೇವಾಲಯಗಳನ್ನೂ ಶಾಸನಗಳನ್ನೂ ನೋಡುವ ಬಹುದಿನಗಳ ಆಸೆಯಿಂದ ನಾವು ಹೊರಟದ್ದು. ಶಿಲ್ಪದ ವಿಚಾರ ಇನ್ನೊಂದು ದಿನ ಬರೆಯೋಣ. ಇಂದು ಉಳಿದುಕೊಂಡ ಮನೆಯ ವಿಚಾರ.

ಮನೆ ಹಳೆಯ ಕಾಲದ್ದು. ಕಡಪಾ ಕಲ್ಲು ಹಾಸಿದ ಜಗಲಿ, ಪಡಸಾಲೆ, ನಡುಮನೆ, ಪಕ್ಕದಲ್ಲಿ ದೇವರ ಕೋಣೆ, ಹಿಂದೆ ಅಡುಗೆಮನೆ. ಮನೆಯೊಡತಿ ಎಪ್ಪತ್ತು ದಾಟಿದ ಹಿರಿಯ ತಾಯಿ. ಕನ್ನಡ ಶಾಲೆಯ ಮೇಷ್ಟ್ರಾಗಿದ್ದ ಅವರ ಪತಿ ಈಗಿಲ್ಲ. ಹಿರಿಯ ಮಗ ಸಂಸಾರಸಮೇತ ಬೆಂಗಳೂರಿನಲ್ಲಿ. ಕಿರಿಯವನು ಊರಿನಲ್ಲೇ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಕಿರಿಯ ಸೊಸೆ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಆರು ವರ್ಷದ ಮೊಮ್ಮಗನೊಬ್ಬನಿದ್ದಾನೆ. ಮಳೆ ಕಡಿಮೆಯ ಸೀಮೆಯಾದುದರಿಂದ ಬೇಸಗೆಯ ಗಾಳಿಗೆ ಕೆಂಪು ಧೂಳೆದ್ದು ಮನೆಯೊಳಗೆ ಬರುತ್ತದೆ. ಬೆಳಿಗ್ಗೆ ಗುಡಿಸಿದ ನೆಲದ ಮೇಲೆ ಮಧ್ಯಾಹ್ನಕ್ಕೆ ಹೆಜ್ಜೆಗುರುತು ಮೂಡುತ್ತದೆ. ಸೊಸೆ ಶಾಲೆಗೆ ಹೋದ ಮೇಲೆ ತಾಯಿಯೇ ಸೊಂಟ ಬಗ್ಗಿಸಿ ಗುಡಿಸುತ್ತಿದ್ದರು. ಮೊಣಕಾಲಿನ ನೋವು ಬೇರೆ. ಇದನ್ನೆಲ್ಲ ಕಂಡ ಹಿರಿಯ ಮಗ ಯುಗಾದಿಗೆ ಬರುವಾಗ ತಾನಾಗಿಯೇ ಓಡಾಡಿ ಗುಡಿಸುವ ದುಂಡನೆಯ ಯಂತ್ರವೊಂದನ್ನು ತಂದ. ಅವನ ಉದ್ದೇಶದಲ್ಲಿ ಕೊರತೆ ಹುಡುಕುವವರು ಕೃತಘ್ನರೇ ಸರಿ.

ಹಬ್ಬದ ದಿನ ಅದು ಮನೆಯೆಲ್ಲ ಸುತ್ತಿ, ಗೋಡೆ ಕಂಬಗಳನ್ನು ತಡವಿ ತನ್ನದೊಂದು ನಕ್ಷೆ ಬರೆದುಕೊಂಡಿತು. ಊರ ಮಕ್ಕಳೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಮೊಮ್ಮಗ ಅದರ ಬೆನ್ನಿನ ಗುಂಡಿಯನ್ನು ಒತ್ತಿ ಒತ್ತಿ ಆಟವಾಡಿದ್ದರಿಂದ, ಮಕ್ಕಳು ಮುಟ್ಟಿದರೂ ನಡೆಯದಂತೆ ಮಾಡುವ ಒಂದು ಬೀಗವನ್ನು ಹಿರಿಯ ಮಗ ತನ್ನ ಫೋನಿನಲ್ಲೇ ಹಾಕಿದ. ದಿನವೂ ಹತ್ತು ಗಂಟೆಗೆ ತಾನಾಗಿ ಹೊರಡುವಂತೆ ವೇಳೆಯನ್ನೂ ನಿಗದಿಮಾಡಿದ. ಎರಡು ದಿನ ಕಳೆದು ಒಂಬತ್ತೂಮುಕ್ಕಾಲಿಗೆ ಹೆಂಡತಿ ಮಕ್ಕಳೊಂದಿಗೆ ಕಾರು ಹತ್ತಿ ಬೆಂಗಳೂರಿಗೆ ಹೊರಟ. ತಾಯಿ ಜಗಲಿಯಲ್ಲಿ ನಿಂತು, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿ ಒಳಗೆ ಬಂದರು. ಹತ್ತು ಗಂಟೆಯಾಯಿತು. ಯಂತ್ರ ಎಚ್ಚೆತ್ತು, ಇಂಗ್ಲಿಷಿನಲ್ಲಿ ಏನೋ ಹೇಳಿ, ಪಡಸಾಲೆ ಗುಡಿಸಲಾರಂಭಿಸಿತು.

ಊರಿಗೆ ಹೊರಟವರ ಬೆನ್ನಿಗೇ ಮನೆ ಗುಡಿಸಬಾರದೆಂಬುದು ನಮ್ಮಲ್ಲೂ ಇರುವ ರೂಢಿ. ತಾಯಿ ಓಡಿಬಂದು ಗುಂಡಿ ಒತ್ತಿದರು, ಅದು ಕೇಳಲಿಲ್ಲ. ಮತ್ತೆ ಒತ್ತಿದರು. ಕಿರಿಯ ಮಗ ತೋಟದಲ್ಲಿ, ಸೊಸೆ ಶಾಲೆಯಲ್ಲಿ. ಹಿರಿಯ ಮಗನಿಗೆ ಫೋನು ಮಾಡಿದರೆ ದಾರಿಯಲ್ಲಿ ಸಿಗ್ನಲ್ ಇಲ್ಲ. ಕೊನೆಗೆ ಆ ವಯಸ್ಸಿನಲ್ಲಿ ಬಗ್ಗಿ ಯಂತ್ರವನ್ನು ಎತ್ತಿ ಬೋರಲು ಹಾಕಿದರು. ಅದು ಮತ್ತೊಮ್ಮೆ ಇಂಗ್ಲಿಷಿನಲ್ಲಿ ಏನೋ ದೂರು ಹೇಳಿ ಸುಮ್ಮನಾಯಿತು. ತಾಯಿ ಕಂಬಕ್ಕೊರಗಿ ಕುಳಿತು ಅತ್ತರು. "ಹೊರಟೋರ ಬೆನ್ನಿಗೇ ಮನೆ ಗುಡಿಸ್ತಾರಾ ಸ್ವಾಮಿ ಯಾರಾದ್ರೂ? ಹೆಣ ಎತ್ತಿದ ಮೇಲೆ ಹಂಗೆ ಗುಡಿಸೋದು" ಎಂದರು. ಅತಿಥಿಗಳಾಗಿ ಬಂದು ಕುಳಿತಿದ್ದ ನಮಗೆ ಏನು ಹೇಳಬೇಕೆಂದು ತೋಚಲಿಲ್ಲ.

ಆ ರೂಢಿ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ದೀಪ ಹಚ್ಚಿದ ಮೇಲೆ ಕಸ ಹೊರಹಾಕಬಾರದು, ಶುಕ್ರವಾರ ಇಂಥದು ಮಾಡಬಾರದು ಎಂಬ ಕಟ್ಟಲೆಗಳನ್ನು ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ. ನಮ್ಮ ಪ್ರಶ್ನೆ ಇಷ್ಟೆ: ಐವತ್ತು ವರ್ಷ ಆ ಮನೆಯನ್ನು ಯಾವಾಗ ಗುಡಿಸಬೇಕೆಂದು ನಿರ್ಧರಿಸುತ್ತ ಬಂದ ಹೆಂಗಸಿಗೆ, ಅವರದೇ ಪಡಸಾಲೆಯಲ್ಲಿ ಓಡಾಡುವ ಯಂತ್ರವನ್ನು ನಿಲ್ಲಿಸುವ ಅಧಿಕಾರ ಇಲ್ಲದೆ ಹೋದುದು ಹೇಗೆ?

ವಿಚಾರಿಸಿ ನೋಡಿದೆವು. ಈ ಯಂತ್ರಗಳ ಕತೆಯೇನೂ ಬಹಳ ಹಳೆಯದಲ್ಲ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ 2001ರಲ್ಲಿ ಟ್ರೈಲೋಬೈಟ್ ಎಂಬುದನ್ನು ಮಾರಾಟಕ್ಕೆ ತಂದಿತು. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿಯ ರೂಂಬಾ ಬಂದ ಮೇಲೆ ಈ ಜಾತಿಯ ಯಂತ್ರಕ್ಕೆ ಮನೆಮನೆಯ ಪ್ರವೇಶ ಸಿಕ್ಕಿತು. ಮೊದಲ ರೂಂಬಾಗಳಿಗೆ ಇದ್ದುದು ಬೆನ್ನ ಮೇಲಿನ ಗುಂಡಿಗಳು. ಒತ್ತಿದವರೇ ಯಜಮಾನರು; ಅಜ್ಜಿ ಒತ್ತಿದರೂ ನಡೆಯಿತು, ಮೊಮ್ಮಗ ಒತ್ತಿದರೂ ನಡೆಯಿತು. ಅದೇ ಕಂಪನಿ 2015ರಲ್ಲಿ ವೈಫೈ ಜೋಡಿಸಿ ಫೋನಿನಿಂದ ನಡೆಸುವ ರೂಂಬಾವನ್ನು ಹೊರತಂದಿತು. ನಮ್ಮ ದೇಶದಲ್ಲಿ 2020ರ ಕೊರೋನ ಕಾಲದಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ಪಟ್ಟಣದವರ ಕಣ್ಣು ಇವುಗಳ ಮೇಲೆ ಬಿತ್ತು. ಹೀಗೆ ನಮ್ಮೂರುಗಳಿಗೆ ಅವು ಬರುವ ಹೊತ್ತಿಗೆ ಅಧಿಕಾರವು ಯಂತ್ರದ ಬೆನ್ನಿನಿಂದ ಫೋನಿಗೆ ಹೋಗಿಯಾಗಿತ್ತು. ಗುಂಡಿ ಈಗಲೂ ಇದೆ, ನಿಜ. ಆದರೆ ಅಮರಾಪುರದಲ್ಲಿ ಕಂಡಂತೆ ಆ ಗುಂಡಿಗೂ ಫೋನಿನಿಂದಲೇ ಬೀಗ ಹಾಕಬಹುದು.

ಅದರ ಕ್ರಮ ಹೀಗೆ. ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದ ಮೇಲೆ ಯಾರಾದರೊಬ್ಬರು ತಮ್ಮ ಫೋನಿಗೆ ಕಂಪನಿಯ ಆ್ಯಪ್ ಹಾಕಿಕೊಂಡು, ತಮ್ಮ ಹೆಸರಿನಲ್ಲೊಂದು ಖಾತೆ ತೆರೆದು, ಮನೆಯ ವೈಫೈ ಪಾಸ್‌ವರ್ಡ್ ಕೊಟ್ಟು ಯಂತ್ರವನ್ನು ಆ ಖಾತೆಗೆ ಕಟ್ಟಬೇಕು. ಹಾಗೆ ಮೊದಲು ಕಟ್ಟಿದವರು ಒಡೆಯರು. ಬೇರೆಯವರು ನಡೆಸಬೇಕಾದರೆ ಒಡೆಯರು ಅವರಿಗೆ ಪಾಲು ಕೊಡಬೇಕು. ಅವರಿಗೂ ಖಾತೆ ಇರಬೇಕು. ಕೆಲವು ಆ್ಯಪ್‌ಗಳಲ್ಲಿ ಬರೇ ನೋಡುವ ಪಾಲು, ನಡೆಸುವ ಪಾಲು ಎಂದು ಎರಡು ಬಗೆಯೂ ಉಂಟು. ಕೊಟ್ಟ ಪಾಲನ್ನು ಒಡೆಯರು ಯಾವ ಕ್ಷಣದಲ್ಲೂ ಹಿಂತೆಗೆದುಕೊಳ್ಳಬಹುದು. ಪಾಲುದಾರರು ಒಡೆಯರನ್ನು ತೆಗೆಯುವಂತಿಲ್ಲ. ಭೂಸುಧಾರಣೆಯ ಹಿಂದಿನ ಗೇಣಿ ಪದ್ಧತಿಯನ್ನು ಕಂಡ ಹಿರಿಯರಿಗೆ ಈ ಏರ್ಪಾಟು ಹೊಸದಾಗಿ ತೋರಲಾರದು.

ಆ ಮನೆಯಲ್ಲಿ ಒಡೆತನ ಬೆಂಗಳೂರಿನ ಹಿರಿಯ ಮಗನದು. ಪಾಲು ಸಿಕ್ಕಿದ್ದು ಕಿರಿಯ ಮಗನಿಗೆ. ದಿನವೂ ಕಸಬರಿಗೆ ಹಿಡಿಯುವ ತಾಯಿಗೂ ಇಲ್ಲ, ಸೊಸೆಗೂ ಇಲ್ಲ! ಯಾರೂ ಬೇಕೆಂದು ಮಾಡಿದ್ದಲ್ಲ. ಯಂತ್ರ, ಫೋನು, ಪಾಸ್‌ವರ್ಡ್ ಎಂದರೆ ಗಂಡಸರ ಇಲಾಖೆಯೆಂದು ಎಲ್ಲರೂ ಮಾತಿಲ್ಲದೆ ಒಪ್ಪಿಕೊಂಡಿದ್ದರು. ನಡುಮನೆಯಲ್ಲಿ ಒಮ್ಮೆಯೂ ಕಸಬರಿಗೆ ಹಿಡಿದಿರದ ಕಿರಿಯ ಮಗನೂ, ದೂರದ ಊರಿನ ಹಿರಿಯ ಮಗನೂ ಕಸಬರಿಗೆಯ ಒಡೆಯರಾಗಿದ್ದರು. ಈ ಮಾತನ್ನು ಬರೆಯುವಾಗ ನಮ್ಮ ಮನೆಯಲ್ಲೂ ಟಿವಿಯ ಖಾತೆ, ವಿದ್ಯುತ್ ಬಿಲ್ಲಿನ ಖಾತೆ, ಗ್ಯಾಸಿನ ಖಾತೆ ಯಾರ ಫೋನಿನಲ್ಲಿವೆಯೆಂದು ಎಣಿಸಿ ನೋಡಿ ನಾವೂ ಸ್ವಲ್ಪ ತಲೆ ತಗ್ಗಿಸಿದ್ದೇವೆ.

ಹಿಂದಿನ ಕಾಲದ ಮನೆಗಳಲ್ಲಿ ಸಮಾನತೆ ತುಂಬಿ ತುಳುಕುತ್ತಿತ್ತೆಂದು ನಾವು ಹೇಳಲಾರೆವು. ಉಗ್ರಾಣದ ಬೀಗದ ಕೈ ಗೊಂಚಲು ಅತ್ತೆಯ ಸೊಂಟದಲ್ಲಿರುತ್ತಿತ್ತು. ಒಂದು ಸೇರು ಅಕ್ಕಿಗೂ ಸೊಸೆ ಅತ್ತೆಯ ಮುಖ ನೋಡಬೇಕಿತ್ತು. ಟೆಲಿಫೋನು ಬಂದ ಹೊಸದರಲ್ಲಿ ಅದರ ತಿರುಗುವ ಬಿಲ್ಲೆಯ ತೂತಿಗೆ ಪುಟ್ಟ ಬೀಗ ಜಡಿದು ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡ ಯಜಮಾನರನ್ನು ನಾವು ಕಂಡಿದ್ದೇವೆ. ಆದರೆ ಆ ಬೀಗಗಳೆಲ್ಲ ಕಣ್ಣಿಗೆ ಕಾಣುತ್ತಿದ್ದವು. ಯಾರಲ್ಲಿದೆಯೆಂದು ಗೊತ್ತಿತ್ತು, ಕೇಳಬಹುದಿತ್ತು, ಜಗಳವಾಡಬಹುದಿತ್ತು, ಒಂದು ದಿನ ಗೊಂಚಲು ಅತ್ತೆಯ ಸೊಂಟದಿಂದ ಸೊಸೆಯ ಸೆರಗಿಗೆ ಬರುತ್ತಲೂ ಇತ್ತು. ಮತ್ತು ಎಷ್ಟೇ ಜಿಪುಣ ಯಜಮಾನನಾದರೂ ಹಿಡಿಸೂಡಿಗೆ ಬೀಗ ಹಾಕಿದ್ದನ್ನು ಯಾರೂ ಕೇಳಿಲ್ಲ. ಅದು ಬಾಗಿಲ ಮರೆಯಲ್ಲಿ ಒರಗಿರುತ್ತಿತ್ತು, ಬೇಕಾದವರು ತೆಗೆದುಕೊಂಡರು.

ಇನ್ನು ಭಾಷೆಯ ಮಾತು. ನಮ್ಮ ಪತ್ರಿಕೆ ಎಲ್ಲಕ್ಕೂ ಭಾಷೆಯನ್ನು ತಂದು ಅಂಟಿಸುತ್ತದೆಯೆಂದು ಆಕ್ಷೇಪಿಸುವವರಿದ್ದಾರೆ. ಇಲ್ಲಿ ಅದು ತಾನಾಗಿಯೇ ಬಂದು ಅಂಟಿದೆ. ಆ ತಾಯಿ ಕನ್ನಡ ಶಾಲೆಯಲ್ಲಿ ಓದಿದವರು. ಮನೆಗೆ ಬರುವ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ತೆಲುಗು ಸರಾಗವಾಗಿ ಆಡುತ್ತಾರೆ. ಆ ಯಂತ್ರದ ಭಾಷೆಗಳ ಪಟ್ಟಿಯನ್ನು ನಾವೇ ತೆರೆದು ನೋಡಿದೆವು. ಯುರೋಪಿನ ಭಾಷೆಗಳೂ ಚೀನಿ, ಜಪಾನಿಗಳೂ ಇದ್ದವು. ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ಜೀವಮಾನವಿಡೀ ಅಕ್ಷರಸ್ಥೆಯಾಗಿದ್ದ ಹೆಂಗಸು ಒಂದು ಕಸಬರಿಗೆಯ ಮುಂದೆ ನಿರಕ್ಷರಿಯಾದರು. ಏನೋ ಸಿಕ್ಕಿಹಾಕಿಕೊಂಡಿತೆಂದು ಅದು ಕೂಗಿದರೂ, ಕಸದ ಡಬ್ಬಿ ತುಂಬಿತೆಂದು ಕೂಗಿದರೂ ಅವರಿಗೆ ಒಂದೇ. ಇದರ ಪರಿಣಾಮವಾಗಿ ಪ್ರತಿ ಬಾರಿಯೂ ಬೆಂಗಳೂರಿಗೆ ಫೋನು ಮಾಡಿ, "ಅದೇನೋ ಅಂತಾ ಐತಪ್ಪಾ" ಎಂದು ಕೇಳಬೇಕು. ಕಚೇರಿಯಿಂದ ಬಂದ ಕಾಗದವನ್ನು ಹಿಡಿದು ಓದಿಸಿಕೊಳ್ಳಲು ನೆರೆಮನೆಗೆ ಹೋದ ಅನುಭವವಿರುವ ನಮ್ಮ ಗಡಿನಾಡಿನ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಸಂದರ್ಭದಲ್ಲಿ ಕಾನೂನಿನ ಒಂದು ಅಂಶವನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ನಮ್ಮ ವಿವರಗಳನ್ನು ಪಡೆಯಲು ನಮ್ಮ ಒಪ್ಪಿಗೆ ಕೇಳುವ ಕಂಪನಿಯು ಅದಕ್ಕೆ ಸಂಬಂಧಿಸಿದ ತಿಳುವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆಯನ್ನು ಕೊಡಬೇಕು. ಆ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು. ಗಮನಿಸಬೇಕಾದ ಸಂಗತಿಯೆಂದರೆ, ಕಾಯಿದೆಯು ಓದುವವರು ಯಾವ ರಾಜ್ಯದಲ್ಲಿದ್ದಾರೆಂದು ಕೇಳುವುದಿಲ್ಲ. ಅಮರಾಪುರದಲ್ಲಿದ್ದರೂ ಮಂಜೇಶ್ವರದಲ್ಲಿದ್ದರೂ ಕನ್ನಡದಲ್ಲಿ ಕೇಳುವ ಹಕ್ಕು ಒಂದೇ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯವಾದ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಅವಧಿ ಕೊಡಲಾಗಿದೆ. ಒಪ್ಪಿಗೆ ಪತ್ರದ ಭಾಷೆಯಷ್ಟೇ ಇದರ ವ್ಯಾಪ್ತಿ. ಯಂತ್ರವು ಕನ್ನಡ ಮಾತಾಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಅದಕ್ಕೆ ಕೊಳ್ಳುವವರೇ ಕೇಳಬೇಕು. ಅಂಗಡಿಯಲ್ಲಿ ಬಣ್ಣ, ಬೆಲೆ, ಗ್ಯಾರಂಟಿ ಎಲ್ಲವನ್ನೂ ಕೇಳುವ ನಾವು "ಇದಕ್ಕೆ ಕನ್ನಡ ಬರುತ್ತದೆಯೇ?" ಎಂದು ಕೇಳುವುದಿಲ್ಲವಷ್ಟೆ.

ಒಪ್ಪಿಗೆ ಪತ್ರದ ಮಾತು ಬಂದುದರಿಂದ, ಅದರಲ್ಲಿ ಏನಿರಬಹುದೆಂಬುದನ್ನೂ ಹೇಳಬೇಕು. ಈ ಯಂತ್ರಗಳಲ್ಲಿ ಕೆಲವಕ್ಕೆ ಕ್ಯಾಮೆರಾ ಇರುತ್ತದೆ. ದಾರಿಯಲ್ಲಿ ಬಿದ್ದ ಚಪ್ಪಲಿಯನ್ನೋ ವಯರನ್ನೋ ಗುರುತಿಸಲು ಅದು ಬೇಕಂತೆ. ಅಮೆರಿಕದ ಒಂದು ತಂತ್ರಜ್ಞಾನ ಪತ್ರಿಕೆ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಂತೆ, ಐರೋಬೋಟ್ ಕಂಪನಿಯು ಪರೀಕ್ಷೆಗೆಂದು ಮನೆಗಳಲ್ಲಿ ಇಟ್ಟಿದ್ದ ಯಂತ್ರಗಳು 2020ರಲ್ಲಿ ತೆಗೆದ ಚಿತ್ರಗಳು, ಶೌಚಾಲಯದಲ್ಲಿದ್ದ ಮಹಿಳೆಯೊಬ್ಬರ ಚಿತ್ರವೂ ಸೇರಿದಂತೆ, ಚಿತ್ರಗಳಿಗೆ ಗುರುತು ಹಾಕುವ ಕೂಲಿ ಕೆಲಸದವರ ಮೂಲಕ ಹೊರಬಿದ್ದಿದ್ದವು. ಅವು ಮಾರಾಟದ ಯಂತ್ರಗಳಲ್ಲ, ಚಿತ್ರೀಕರಣಕ್ಕೆ ಒಪ್ಪಿದ್ದವರ ಮನೆಯವು ಎಂದು ಕಂಪನಿ ಹೇಳಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ಹಲವು ಊರುಗಳಲ್ಲಿ ಎಕೋವ್ಯಾಕ್ಸ್ ಕಂಪನಿಯ ಒಂದು ಮಾದರಿಯೊಳಕ್ಕೆ ಯಾರೋ ಕಿಡಿಗೇಡಿಗಳು ನುಗ್ಗಿ, ಅದರ ಧ್ವನಿಪೆಟ್ಟಿಗೆಯಿಂದಲೇ ಮನೆಯವರನ್ನು ಜನಾಂಗದ ಹೆಸರಿನಲ್ಲಿ ಬೈದದ್ದು ಮಾತ್ರ ಕೊಂಡವರ ಮನೆಗಳಲ್ಲೇ.

ಅಷ್ಟು ದೂರ ಹೋಗುವುದೂ ಬೇಡ. ಅಮರಾಪುರದ ಯಂತ್ರಕ್ಕೂ ಕ್ಯಾಮೆರಾ ಇತ್ತು. ತಾಯಿ ಬಿದ್ದರೆ, ಬಾಗಿಲು ತೆರೆದಿಟ್ಟರೆ ನೋಡಬಹುದೆಂದು ಹಿರಿಯ ಮಗ ಅದನ್ನೇ ಆರಿಸಿದ್ದ. ಮಗನ ಕಣ್ಣು ಪ್ರೀತಿಯದು. ಆದರೆ ಅದೇ ಮನೆಯಲ್ಲಿ ಅವನ ತಮ್ಮನ ಹೆಂಡತಿ ಇದ್ದಾಳೆ. ನೆಲದ ಮಟ್ಟದಿಂದ ಮೇಲಕ್ಕೆ ನೋಡುತ್ತ, ಹೇಳದೆ ಕೇಳದೆ ಕೋಣೆಗೆ ನುಗ್ಗುವ ಕಣ್ಣೊಂದು ಭಾವನವರ ಫೋನಿಗೆ ಕಟ್ಟಿಕೊಂಡಿದೆಯೆಂದು ತಿಳಿದಾಗ ಅವಳಿಗೆ ಹೇಗಾಗಿರಬೇಕು? ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆ ದಿನದಿಂದ ಯಂತ್ರದ ಮುಂಭಾಗಕ್ಕೆ ಒಂದು ತುಂಡು ಪ್ಲಾಸ್ಟರ್ ಅಂಟಿಕೊಂಡಿತ್ತು. ಯಾರು ಅಂಟಿಸಿದರೆಂದು ಯಾರೂ ಕೇಳಲಿಲ್ಲ. ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಹೊಸ ಉಪಯೋಗ!

ಮರುದಿನ ಇನ್ನೂ ತಮಾಷೆ. ಹತ್ತು ಗಂಟೆಗೆ ಮೊದಲೇ ತಾಯಿಯು ಕೋಳಿ ಕವುಚುವ ಮಂಕರಿಯನ್ನು ತಂದು ಯಂತ್ರದ ಮೇಲೆ ಬೋರಲು ಹಾಕಿ, ಅದರ ಮೇಲೊಂದು ರುಬ್ಬುವ ಗುಂಡು ಇಟ್ಟರು. ಹೊತ್ತಿಗೆ ಸರಿಯಾಗಿ ಎದ್ದ ಯಂತ್ರ ಮಂಕರಿಯೊಳಗೆ ತಿರುಗಿ ತಿರುಗಿ ಸೋತು ಬೆಂಗಳೂರಿಗೆ ಸುದ್ದಿ ಕಳುಹಿಸಿತು. ಕ್ಷಣದಲ್ಲಿ ಫೋನು ಬಂತು: "ಅಮ್ಮಾ, ಮೆಷೀನು ಎಲ್ಲೋ ಸಿಕ್ಕಾಕ್ಕೊಂಡೈತಂತೆ, ಸ್ವಲ್ಪ ನೋಡು." ತಾಯಿ ನಿಧಾನವಾಗಿ ಅಂದರು: "ಸಿಕ್ಕಾಕ್ಕೊಂಡಿಲ್ಲಪ್ಪಾ. ನಾನೇ ಮುಚ್ಚಿಟ್ಟಿದೀನಿ." ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಅಷ್ಟು ದುಡ್ಡು ಕೊಟ್ಟು ತಂದದ್ದಕ್ಕೆ ಇದೇ ಮರ್ಯಾದೆಯೇ ಎಂದು ಅವನಿಗೆ ನೋವಾಗಿತ್ತು. ಎರಡು ದಿನ ತಾಯಿ ಮಗನ ನಡುವೆ ಫೋನು ಇಲ್ಲ. ನಲವತ್ತು ವರ್ಷದಲ್ಲಿ ಹಾಗೆ ಆದದ್ದು ಮೊದಲ ಬಾರಿಯಂತೆ.

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದಾದರೆ, ಮನೆಗೆ ಬರುವ ಇಂಥ ಯಂತ್ರದ ಒಡೆತನವು ದುಡ್ಡು ಕೊಟ್ಟವರದ್ದಾಗಿರದೆ ಆ ಮನೆಯಲ್ಲಿ ವಾಸಿಸಿ, ಆ ಕೆಲಸವನ್ನು ಮಾಡಿಕೊಂಡು ಬಂದವರದ್ದಾಗಿರಬೇಕು. ಖಾತೆ ಅವರ ಹೆಸರಿನಲ್ಲಿ, ಅವರ ಫೋನಿನ ಸಂಖ್ಯೆಯಲ್ಲಿ ತೆರೆಯಲಿ. ಕೊಡಿಸಿದ ಮಗನೋ ಮಗಳೋ ಅವರಿಂದ ಪಾಲು ಪಡೆಯಲಿ. ಒಂದು ಖಾತೆಯ ಪಾಸ್‌ವರ್ಡನ್ನು ಮನೆಮಂದಿಗೆಲ್ಲ ಹೇಳಿ ಎಲ್ಲರೂ ಅದನ್ನೇ ಬಳಸುವ ವಾಡಿಕೆ ನಮ್ಮಲ್ಲಿದೆ. ಅದು ಸುಲಭವಾದರೂ ಒಳ್ಳೆಯದಲ್ಲ. ಒಬ್ಬರು ಪಾಸ್‌ವರ್ಡ್ ಬದಲಿಸಿದರೆ ಉಳಿದವರೆಲ್ಲ ಹೊರಗೆ. ಆ ಖಾತೆಗೆ ಬೇರೆ ಸಾಮಾನುಗಳನ್ನು ಕಟ್ಟಿದ್ದರೆ ಅವೂ ಎಲ್ಲರ ಕೈಗೆ. ಬೇರೆ ಬೇರೆ ಖಾತೆಗೆ ಬೇರೆ ಬೇರೆ ಪಾಲು ಕೊಟ್ಟರೆ ಯಾರಿಗೆ ಏನು ಎಂಬುದು ಗೊತ್ತಿರುತ್ತದೆ. ಸ್ಮಾರ್ಟ್‌ಫೋನು ಬೇಡವೆನ್ನುವ ಹಿರಿಯರ ಮನೆಯಲ್ಲಿ ಬದಿಗಿಟ್ಟ ಹಳೆಯ ಫೋನೊಂದನ್ನು ಗೋಡೆಯ ಮೊಳೆಗೆ ತೂಗುಹಾಕಿ ಮನೆಯ ಸಾಮಾನ್ಯ ಬೀಗದ ಕೈಯಾಗಿ ಬಳಸಬಹುದು. ಬೆನ್ನಿನ ಗುಂಡಿಗೆ ಬೀಗ ಹಾಕಲೇಬಾರದು. ಮೊಮ್ಮಗ ನಾಲ್ಕು ದಿನ ಒತ್ತಿ ಬೇಸತ್ತು ತಾನೇ ಬಿಡುತ್ತಾನೆ.

ಕೊಲ್ಲಿಯಿಂದ ಯಂತ್ರ ತರುವ ನಮ್ಮ ಜಿಲ್ಲೆಯವರು ಇನ್ನೊಂದನ್ನು ತಿಳಿದಿರಬೇಕು. ಕೆಲವು ಕಂಪನಿಗಳ ಆ್ಯಪ್‌ನಲ್ಲಿ ಖಾತೆ ತೆರೆಯುವಾಗ ದೇಶ ಕೇಳುತ್ತದೆ. ಅಲ್ಲಿ ಆರಿಸಿದ ದೇಶ ಬೇರೆ, ಊರಿನಲ್ಲಿ ತಾಯಿಯ ಫೋನಿನಲ್ಲಿ ಆರಿಸಿದ ದೇಶ ಬೇರೆಯಾದರೆ ಪಾಲು ಕೊಡಲು ಬರುವುದಿಲ್ಲ. ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು. ಹಾಗೆಯೇ ನಮ್ಮ ಹಳೆಯ ಮನೆಗಳ ಹೊಸ್ತಿಲು. ಸಾಮಾನ್ಯ ಯಂತ್ರಗಳು ಸುಮಾರು ಎರಡು ಸೆಂಟಿಮೀಟರ್ ಎತ್ತರವನ್ನಷ್ಟೇ ಏರಬಲ್ಲವು. ಚಾವಡಿಯಿಂದ ಒಳಕೋಣೆಗೆ ಹೋಗುವ ನಮ್ಮ ಹೊಸ್ತಿಲಿನ ಮುಂದೆ ಅದು ಪರ್ವತದೆದುರಿನ ಪಥಿಕನಂತೆ ನಿಲ್ಲುತ್ತದೆ. ಅದನ್ನು ಎತ್ತಿ ದಾಟಿಸಲು ಒಬ್ಬರು ಬೇಕೇ ಬೇಕು. ಎತ್ತಿ ದಾಟಿಸುವವರಿಗೆ ನಿಲ್ಲಿಸುವ ಅಧಿಕಾರವಿಲ್ಲದಿರುವುದು ವಿಚಿತ್ರವಲ್ಲವೇ?

ಇಷ್ಟೆಲ್ಲ ಮಾಡಿದರೂ ಪೂರ್ತಿ ಒಡೆತನ ಮನೆಯವರದಾಗುತ್ತದೆಯೇ ಎಂದರೆ ಹೌದೆನ್ನಲು ನಮಗೆ ಧೈರ್ಯವಿಲ್ಲ. ಅಮೆರಿಕದ ನೀಟೋ ಎಂಬ ಕಂಪನಿಯನ್ನು ಅದರ ಜರ್ಮನ್ ಮಾಲಕರು 2023ರಲ್ಲಿ ಮುಚ್ಚಿದರು. ಐದು ವರ್ಷವಾದರೂ ಆ್ಯಪ್ ನಡೆಯುತ್ತದೆಂದು ಆಗ ಹೇಳಿದ್ದರೂ, 2025ರಲ್ಲಿಯೇ ಅದರ ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಫೋನಿನ ಅಧಿಕಾರವೆಲ್ಲ ಹೋಗಿ ಕೊಂಡವರಿಗೆ ಉಳಿದದ್ದು ಯಂತ್ರದ ಮೇಲಿನ ಗುಂಡಿ. ರೂಂಬಾ ಮಾಡಿದ ಐರೋಬೋಟ್ ಕಂಪನಿಯೇ 2025ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಆದುದರಿಂದ ಗುಂಡಿಯುಳ್ಳ ಯಂತ್ರವನ್ನೇ ಕೊಳ್ಳಿ, ಗುಂಡಿ ಇರುವ ಜಾಗವನ್ನು ಮನೆಯ ಎಲ್ಲರಿಗೂ ತೋರಿಸಿಕೊಡಿ ಎಂಬ ನಮ್ಮ ಮಾತನ್ನು ಹಳೆಗಾಲದವರ ಹಟವೆಂದು ಯುವಕರು ತಳ್ಳಿಹಾಕದಿರಲಿ.

ಅಮರಾಪುರದ ಆ ಮನೆಗೆ ಬೆಳಿಗ್ಗೆ ಅಂಗಳ ಗುಡಿಸಿ, ಸಾರಿಸಿ, ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳೊಬ್ಬಳಿದ್ದಾಳೆ. ಯಂತ್ರವನ್ನು ಕಂಡ ಮೊದಲ ದಿನ ಅವಳು ನಗಲಿಲ್ಲವೆಂಬುದನ್ನು ನಾವು ಗಮನಿಸಿದೆವು. "ಒಳಗಿನ್ದು ಅದು ಮಾಡ್ಕಂಡ್ರೆ ನಾಳೆ ಅಂಗಳಾನೂ ಮಾಡೀತೇನಮ್ಮಾ?" ಎಂದಳು. ಅಂಗಳದ ಮಣ್ಣಿನಲ್ಲಿ ಅದು ಒಂದು ಗೇಣೂ ನಡೆಯಲಾರದೆಂದು ಸೊಸೆ ಸಮಾಧಾನ ಹೇಳಿದಳು. ಯಂತ್ರದ ಕಸದ ಡಬ್ಬಿ ಬಿಚ್ಚಿ ತೊಳೆಯುವ, ಕುಂಚಕ್ಕೆ ಸುತ್ತಿದ ಕೂದಲು ಬಿಡಿಸುವ ಕೆಲಸ ಈಗ ಅವಳದೇ ಆಗಿದೆ. ಆದರೆ ಯಂತ್ರದ ಪಾಲುದಾರರ ಪಟ್ಟಿಯಲ್ಲಿ ಅವಳ ಹೆಸರನ್ನು ಸೇರಿಸುವ ಯೋಚನೆ ಯಾರಿಗೂ ಬರಲಿಲ್ಲ. ನಮಗೂ ಬಂದದ್ದು ಊರಿಗೆ ಮರಳಿದ ಮೇಲೆ.

ನಾವು ಹೊರಡುವ ಹಿಂದಿನ ಸಂಜೆ ಸೊಸೆಯೇ ಮುಂದಾಗಿ ಬೆಂಗಳೂರಿಗೆ ಫೋನು ಹಚ್ಚಿ, "ಭಾವಾ, ಅತ್ತೆ ಹೆಸರಿಗೆ ಮಾಡ್ತೀವಿ, ಒ೦ದ್ಸಲ ಬಿಟ್ಕೊಡಿ" ಎಂದಳು. ಅವನು ಸ್ವಲ್ಪ ತಡೆದು ಒಪ್ಪಿದ. ಒಡೆತನ ಬಿಟ್ಟ ಮೇಲೆ ಯಂತ್ರವು ಹಳೆಯ ನಕ್ಷೆಯನ್ನು ಮರೆತು ಮತ್ತೆ ಮನೆ ಸುತ್ತಿತು. ತಾಯಿಯ ಫೋನಿಗೆ ಒಟಿಪಿ ಬಂತು. ಆರು ಅಂಕಿಗಳನ್ನು ಅವರೇ ಗಟ್ಟಿಯಾಗಿ ಓದಿ ಹೇಳಿದರು. ಮೊದಲು ಇಂಗ್ಲಿಷಿನಲ್ಲಿ ಮೂಡಿದ ಕೋಣೆಗಳ ಹೆಸರನ್ನು ಸೊಸೆ ಅಳಿಸಿ ಪಡಸಾಲೆ, ನಡುಮನೆ ಎಂದು ಕನ್ನಡದಲ್ಲಿ ಬರೆದಳು. ಅದಕ್ಕೆ ಯಂತ್ರ ತಕರಾರು ಮಾಡಲಿಲ್ಲ. ದೇವರ ಕೋಣೆಯ ಬಾಗಿಲಿಗೆ ಗೆರೆ ಎಳೆದು ದಾಟದಂತೆ ಮಾಡಿದರು. ವೇಳೆ ಎಷ್ಟಕ್ಕೆಂದು ಕೇಳಿದಾಗ, "ಹೊತ್ತು ಗಿತ್ತು ಬೇಡ, ಬೇಕಾದಾಗ ನಾನೇ ಒತ್ತುತೀನಿ" ಎಂದರು. ಮತ್ತೆ ತಾವಾಗಿಯೇ, "ದೊಡ್ಡೋನಿಗೂ ಒಂದು ಪಾಲು ಕೊಡಮ್ಮಾ, ತಂದೋನು ಅವನೇ ಅಲ್ವಾ" ಎಂದು ಸೇರಿಸಿದರು. ಬೆಳಿಗ್ಗೆ ನಾವು ಬಸ್ಸಿಗೆ ಹೊರಟಾಗ ಯಂತ್ರ ಮೂಲೆಯಲ್ಲಿ ಸುಮ್ಮನಿತ್ತು. ನಾವು ಶಿರಾ ದಾಟುವವರೆಗೆ ಅದನ್ನು ಮುಟ್ಟುವುದಿಲ್ಲವೆಂದು ತಾಯಿ ನಗುತ್ತ ಮಾತು ಕೊಟ್ಟಿದ್ದರು.

ನಮ್ಮ ಜಿಲ್ಲೆಯಲ್ಲಿ ಇಂಥ ಯಂತ್ರವನ್ನು ಇಟ್ಟುಕೊಂಡಿರುವ ಓದುಗರು, ಖಾತೆ ಯಾರ ಹೆಸರಿನಲ್ಲಿದೆ, ಪಾಲು ಯಾರಿಗೆಲ್ಲ ಇದೆ, ಜಗಳವಾಯಿತೇ ಇಲ್ಲವೇ ಎಂಬುದನ್ನು ಬರೆದು ಕಳುಹಿಸಿದರೆ ಪ್ರಕಟಿಸಲು ಸಂತೋಷಪಡುತ್ತೇವೆ. ಅತ್ತೆಯವರ ಪತ್ರಕ್ಕೂ ಸೊಸೆಯವರ ಪತ್ರಕ್ಕೂ ಒಂದೇ ದಿನ, ಅಕ್ಕಪಕ್ಕದಲ್ಲಿ ಸ್ಥಳ ಕೊಡಲಾಗುವುದು.